ಕೆರೆ ಉಳಿಸೋಕೆ ಸಭೆ ಮಾಡ್ಬೇಕು, ಮಾಡಿ ಅನುಭವ ಇರೋರು ಹೇಳಿ

ತುಮಕೂರಿಂದ:
ಎಲ್ರಿಗೂ ನಮಸ್ಕಾರ. ನಮ್ಮ ಬಡಾವಣೆ ಪಕ್ಕ ಒಂದು ಕೆರೆ ಇದೆ, ಒಂದು ಕಡೆಯಿಂದ ಮಣ್ಣು ಹೊಡೀತಾ ಬರ್ತಿದಾರೆ, ಯುಜಿಡಿ (ಒಳಚರಂಡಿ) ನೀರೂ ಸೀದಾ ಅಲ್ಲಿಗೇ. ಹೋದ ವರ್ಷ ಜೂನ್ 5ಕ್ಕೆ ಗಿಡ ನೆಡೋ ಕಾರ್ಯಕ್ರಮ ಮಾಡಿದ್ವಿ, ಎಪ್ಪತ್ತು ಗಿಡದಲ್ಲಿ ಈಗ ನಾಲ್ಕು ಉಳಿದಿವೆ. ಕಾರ್ಪೊರೇಷನ್ ಎಲೆಕ್ಷನ್ ಬರೋ ಮಾತಿದೆ, ನಿಲ್ಲೋರನ್ನೂ ಕರೆಸಿ ಕೇಳೋಣ ಅಂತ ಕೆಲವ್ರು, ಪರಿಸರದ ವಿಷ್ಯದಲ್ಲಿ ರಾಜಕೀಯ ಬೇಡ ಅಂತ ಇನ್ ಕೆಲವ್ರು. ಮೊನ್ನೆ ಇದೇ ವಿಷ್ಯಕ್ಕೆ ಇಬ್ರು ಮಾತು ಬಿಟ್ರು. ಜನ ಬರೋ ಥರ ಹೇಗೆ ಮಾಡೋದು?

ಬೆಂಗಳೂರಿಂದ:
ಸರ್, ಮೊದ್ಲು ಗಿಡ ನೆಡೋದು ಬಿಡಿ. ತಪ್ಪು ತಿಳ್ಕೋಬೇಡಿ, ನಾವೂ ಮೂರು ವರ್ಷ ಅದನ್ನೇ ಮಾಡಿದ್ದು, ಫೋಟೋ ತೆಗ್ಸಿ ಉಪ್ಪಿಟ್ಟು ತಿಂದು ಮನೆಗೆ ಹೋಗಿದ್ದು. ಕೆರೆ ಮುಚ್ತಿರೋವಾಗ ದಡದಲ್ಲಿ ಹೊಂಗೆ ನೆಟ್ರೆ ಮಣ್ಣು ಹೊಡೆಯೋನಿಗೆ ಏನು ತೊಂದ್ರೆ, ಅವ್ನೂ ಬಂದು ಒಂದು ನೆಡ್ತಾನೆ (ನಮ್ಮಲ್ಲಿ ನಿಜವಾಗ್ಲೂ ನೆಟ್ಟ, ನಾವೇ ಶಾಲು ಹೊದಿಸಿದ್ವಿ).

ಏನು ಬೇಕು ಅನ್ನೋದು ಒಂದೇ ಮಾತಲ್ಲಿ ಹೇಳೋಕೆ ಬರ್ಬೇಕು. 2016ರಲ್ಲಿ ಚಾಲುಕ್ಯ ಸರ್ಕಲ್ ಕಡೆಯಿಂದ ಹೆಬ್ಬಾಳಕ್ಕೆ ಸ್ಟೀಲ್ ಫ್ಲೈಓವರ್ ಅಂತ ಬಂತಲ್ಲ, 812 ಮರ ಹೋಗುತ್ತೆ ಅಂತ ಲೆಕ್ಕ ಇತ್ತು, ಅಕ್ಟೋಬರ್ 16 ಭಾನುವಾರ ಬೆಳಗ್ಗೆ ಮಾನವ ಸರಪಳಿಗೆ ನಾನೂ ಹೋಗಿ ನಿಂತಿದ್ದೆ. ಅಕ್ಕಪಕ್ಕ ಮರಕ್ಕೋಸ್ಕರ ಬಂದೋರು ಇದ್ರು, 1,700 ಕೋಟಿ ದಾಟೋ ಖರ್ಚು ನೋಡಿ ಸಿಟ್ಟಾದೋರು ಇದ್ರು, ಬಸ್ಸು ರೈಲು ಕೊಡಿ ಅನ್ನೋರು ಇದ್ರು, ಒಬ್ರಿಗೊಬ್ರು ಬೇರೆ ವಿಷ್ಯದಲ್ಲಿ ಮುಖ ನೋಡದೆ ಇರೋ ಪಾರ್ಟಿಯೋರೂ ಇದ್ರು, ಆದ್ರೆ ಎಲ್ರ ಬಾಯಲ್ಲೂ ಒಂದೇ, "ಬೇಡ". ಆಮೇಲೆ ಹಸಿರು ಪೀಠದಲ್ಲಿ (ಪರಿಸರದ ಕೇಸು ನೋಡೋ ನ್ಯಾಯಮಂಡಳಿ) ತಡೆಯಾಜ್ಞೆ ಸಿಕ್ತು, 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಡ್ತು. ಆ ಒಂದು ಭಾನುವಾರದಿಂದಲೇ ಆಯ್ತು ಅಂತ ನಾನು ಹೇಳಲ್ಲ, ಆದ್ರೆ ಕೋರ್ಟಿಗೆ ಹೋದೋರ ಹಿಂದೆ ಜನ ಇದಾರೆ ಅಂತ ಕಾಣಿಸ್ತು.

ನಿಮ್ಮ ಕೆರೆಗೆ ಆ ಒಂದು ಮಾತು "ಸರ್ವೆ ಮಾಡಿಸಿ, ಗಡಿಕಲ್ಲು ಹಾಕಿ" ಅಂತ ಇಟ್ಕೊಳ್ಳಿ. ಹಳೇ ಗ್ರಾಮ ನಕ್ಷೆ, ಸರ್ವೆ ನಂಬರ್ ಮೊದ್ಲೇ ತೆಗ್ಸಿ, ಸುಮ್ನೆ ಕೇಳಿದ್ರೆ ಕೊಡದಿದ್ರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ, 10 ರೂಪಾಯಿ ಅಷ್ಟೇ, ಆದ್ರೆ ಉತ್ತರಕ್ಕೆ ಅವ್ರಿಗೆ 30 ದಿನ ಟೈಮ್ ಇರುತ್ತೆ, ಅದಕ್ಕೆ ಎರಡು ತಿಂಗಳು ಮುಂಚೆನೇ ಶುರು ಮಾಡಿ. ನಾವು ಆ ನಕ್ಷೆನ ದೊಡ್ಡ ಬಟ್ಟೆ ಮೇಲೆ ಬರೆಸಿ ಕೆರೆ ಏರಿ ಮೇಲೆ ಹಾಸಿದ್ವಿ, ನಿಮ್ಮನೆ ಎಲ್ಲಿದೆ ತೋರ್ಸಿ ಅಂದ್ವಿ. ಮೈಕ್ ಹಿಡ್ಕೊಂಡಿದ್ದೋರನ್ನ ಕೇಳೋರೇ ಇಲ್ಲ, ಎಲ್ಲಾ ಬಟ್ಟೆ ಮೇಲೆ ಬಗ್ಗಿದಾರೆ. ಒಬ್ರು ಅಜ್ಜಿ ಕೋಲಲ್ಲಿ ಕಾಲುವೆ ಎಲ್ಲಿ ಬರ್ತಿತ್ತು ಅಂತ ಗೆರೆ ಎಳೆದ್ರು, ಅಲ್ಲೀಗ ಮೆಡಿಕಲ್ ಶಾಪ್ ಇದೆ, ಅದ್ರ ಓನರ್ರೂ ಅಲ್ಲೇ ನಿಂತಿದ್ರು. ಅಲ್ಲಿಂದ ಸಭೆ ಬಿಸಿ ಏರಿದ್ದು.

ಇನ್ನೊಂದು, ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡ ಕಾಪಿ ಜೇಬಲ್ಲಿ ಇರ್ಲಿ. ನಮ್ಮ ಬೆಂಗಳೂರಲ್ಲಿ 2021ರ ಆದೇಶ ಬಂದ್ಮೇಲೆ ಪ್ರತಿಭಟನೆ ಅಂದ್ರೆ ಫ್ರೀಡಂ ಪಾರ್ಕಿಗೆ ಹೋಗಿ ಅಂತಾರೆ. ಕೆರೆ ಇಲ್ಲಿ, ಕೂಗೋದು ಅಲ್ಲಿ.

ಹಾವೇರಿ ಕಡಿಂದ:
ರಾಜಕೀಯ ಬ್ಯಾಡ ಅನ್ನೋರಿಗೆ ಒಂದ್ ಮಾತ್ ಹೇಳ್ರಿ. ಕೈಗಾ ಅಣುಸ್ಥಾವರ ಬ್ಯಾಡ ಅಂತ ಶಿವರಾಮ ಕಾರಂತರು 1989ರಾಗ ಲೋಕಸಭಾ ಎಲೆಕ್ಷನ್ನಿಗೇ ನಿಂತಿದ್ರು, ಆಗ ಅವರ ವಯಸ್ಸು 87. ಸೋತ್ರು, ಅದು ಬ್ಯಾರೆ ಮಾತು. ಮತ್ತ ನಮ್ಮ ಹಾನಗಲ್ ತಾಲೂಕಿನ ಕುಸನೂರಾಗ 1987ರ ನವೆಂಬರ್ 14ಕ್ಕ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಆತು. ಊರಿನವರು ದನ ಮೇಸೋ ಜಾಗಾನ ಸರ್ಕಾರದವರು ನೀಲಗಿರಿ ಬೆಳಿಯಾಕ ಕೊಟ್ಟಿದ್ರು, ಜನ ಹೋಗಿ ಆ ಸಸಿ ಕಿತ್ತು ತಮಗ ಉಪಯೋಗ ಆಗೋ ಗಿಡ ಹಚ್ಚಿದ್ರು. ಅದೂ ಗಿಡ ಹಚ್ಚೋದಾ, ಆದ್ರ ಮೊದ್ಲ ಕಿತ್ತಿದ್ರು ನೋಡ್ರಿ, ಅಲ್ಲೈತಿ ಫರಕು. ನಮ್ಮ ಕಾಕಾ ಹೋಗಿದ್ರು, ಯಾರ್ ಏನ್ ಭಾಷಣ ಮಾಡಿದ್ರು ಅಂತ ಕೇಳಿದ್ರ ಒಂದೂ ನೆನಪಿಲ್ಲ, ತಾವು ಕಿತ್ತಿದ್ದು ಮಾತ್ರ ಇವತ್ತೂ ಕೈ ಮಾಡಿ ತೋರಿಸ್ತಾರ.

ಟೈಮ್ ಬಗ್ಗೆ ಹೇಳ್ತೀನಿ, ಮುಂಜಾನಿ ಹತ್ತಕ್ಕ ಇಟ್ರ ಕೂಲಿ ಮಂದಿ ಬರಂಗಿಲ್ಲ. ನಾವು ಡೈರಿಗೆ ಹಾಲ್ ಹಾಕೋ ಹೊತ್ತಿಗೆ ಡೈರಿ ಮುಂದನ ಇಟ್ವಿ, ಕ್ಯಾನ್ ಹಿಡ್ಕೊಂಡ ನಿಂತೋರೆಲ್ಲಾ ನಮ್ಮ ಸಭಿಕರು.

ಶಿರಸಿಯಿಂದ:
ಮೇಲಿನವರು ಹೇಳಿದ್ದು ಸರಿ, ಜನರನ್ನ ಕರೆಯೋದಕ್ಕಿಂತ ನಾವೇ ಹೋಗೋದು. 1983ರಲ್ಲಿ ನಮ್ಮ ಕಡೆ ಸಾಲ್ಕಣಿಯಲ್ಲಿ ಕಡಿಯೋದನ್ನ ತಡೆಯೋಕೆ ಜನ ಮರ ಅಪ್ಪಿಕೊಂಡಿದ್ದು ಎಲ್ರಿಗೂ ಗೊತ್ತು, ಆದ್ರೆ ಆ ಅಪ್ಪಿಕೋ ಚಳವಳಿ ಬೇರೆ ಊರುಗಳಿಗೆ ಹಬ್ಬಿದ್ದು ಪಾದಯಾತ್ರೆ, ಸ್ಲೈಡ್ ಶೋ, ಯಕ್ಷಗಾನದಿಂದ. "ಉಳಿಸು, ಬೆಳೆಸು, ಬಳಸು" ಅಂತ ಮೂರೇ ಪದ. ನಿಮ್ಮ ಕಡೆ ಯಕ್ಷಗಾನ ಇಲ್ದಿದ್ರೆ ಕೋಲಾಟ, ಭಜನೆ ಮಂಡಳಿ ಇರ್ತದಲ್ಲ.

ಮೈಸೂರಿಂದ:
ನಾವು ಅಭ್ಯರ್ಥಿಗಳನ್ನ ಕರೆಸಿದ್ವಿ, ಎರಡು ಸಲ. ಮೊದಲ ಸಲ ಹಾಳಾಯ್ತು. ಒಬ್ರು ನಲವತ್ತು ಹುಡುಗ್ರನ್ನ ಕರ್ಕೊಂಡು ಜೈಕಾರ ಹಾಕಿಸ್ಕೊಂಡು ಬಂದ್ರು, ಮೈಕ್ ಕೊಟ್ವಿ, ಇಪ್ಪತ್ತೈದು ನಿಮಿಷ ವಾಪಸ್ ಬರ್ಲಿಲ್ಲ. ಎರಡನೇ ಸಲ ಎಲ್ಲಾ ಪಾರ್ಟಿಗೂ ಒಂದೇ ಪತ್ರ ಕೊಟ್ವಿ, ಪಾರ್ಟಿ ಶಾಲು ಬೇಡ, ಮೂರು ನಿಮಿಷ, ಮೈಕ್ ನಮ್ಮ ಕೈಲೇ ಇರುತ್ತೆ, ಪ್ರಶ್ನೆ ಒಂದೇ: ಗೆದ್ರೆ ಎಷ್ಟು ತಿಂಗಳಲ್ಲಿ ಸರ್ವೆ? ಬರದೆ ಇರೋರ ಕುರ್ಚಿನ ಹೆಸ್ರು ಬರೆದು ಹಾಗೇ ಖಾಲಿ ಬಿಟ್ವಿ. ಆ ಖಾಲಿ ಕುರ್ಚಿ ಫೋಟೋ ಓಡಾಡಿದಷ್ಟು ಇನ್ಯಾವ್ದೂ ಓಡಾಡ್ಲಿಲ್ಲ. ಎಲೆಕ್ಷನ್ ನೀತಿ ಸಂಹಿತೆ ಬಂದ್ಮೇಲೆ ಪರ್ಮಿಷನ್ ತಲೆನೋವು ಜಾಸ್ತಿ, ಅದಕ್ಕೆ ಮುಂಚೆನೇ ಮುಗ್ಸಿ.

ಮತ್ತೆ ದಯವಿಟ್ಟು ಫ್ಲೆಕ್ಸ್ ಹಾಕ್ಬೇಡಿ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಫ್ಲೆಕ್ಸಿಗೆ ನಿಷೇಧ ಇದೆ, ನಾವು ಗೊತ್ತಿದ್ದೂ ಹಾಕಿದ್ವಿ, ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು ಇದು ಪ್ಲಾಸ್ಟಿಕ್ ಅಲ್ವಾ ಅಂತ ಕೇಳಿದ್ಲು, ವೇದಿಕೆ ಮೇಲೆ ನಾಲ್ಕೂ ಜನ ಕೈಲಿದ್ದ ಪ್ಲಾಸ್ಟಿಕ್ ನೀರಿನ ಬಾಟ್ಲಿ ಕೆಳಗೆ ಇಟ್ವಿ.

ತುಮಕೂರಿಂದ:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಮಾತು ಬಿಟ್ಟಿರೋ ಇಬ್ರಿಗೂ ಇದನ್ನ ಕಳಿಸ್ದೆ. ನಾಳೆ ನಕ್ಷೆಗೆ ಅರ್ಜಿ ಕೊಡೋಕೆ ಹೋಗ್ತಿದೀವಿ. ಬೆಂಗಳೂರಿನ ಸರ್, ಬಟ್ಟೆ ಮೇಲೆ ಯಾರ ಹತ್ರ ಬರೆಸಿದ್ರಿ?

ಬೆಂಗಳೂರಿಂದ:
ಅಂಗಡಿ ಬೋರ್ಡ್ ಬರೆಯೋ ಹಳೇ ಪೇಂಟರ್ ಒಬ್ರು, ಫ್ಲೆಕ್ಸ್ ಬಂದ್ಮೇಲೆ ಕೆಲಸ ಇರ್ಲಿಲ್ಲ ಅವ್ರಿಗೆ. ಕಾಡಾ ಬಟ್ಟೆ (ದಪ್ಪ ಹತ್ತಿ ಬಟ್ಟೆ) ತಗೊಳ್ಳಿ, ಎರಡು ಪಂಚೆ ಅಗಲ ಸಾಕಾಗಲ್ಲ, ಮೂರು ಸೇರಿಸಿ ಹೊಲಿಸಿ.