ಬಿಟ್‌ಕಾಯಿನ್ ಬೆಲೆಯ ಮುನ್ನಂದಾಜು: ಮಾದರಿ ಹೊಂದುತ್ತದೆ, ಲಾಭ ಕಾಣುವುದಿಲ್ಲ

ಪ್ರಶ್ನೆ

ಬಿಟ್‌ಕಾಯಿನ್‌ನ ದೈನಂದಿನ ಮುಕ್ತಾಯ ಬೆಲೆಗಳಿಗೆ ಅರಿಮಾ ಮಾದರಿಯನ್ನು (ಹಿಂದಿನ ಮೌಲ್ಯಗಳಿಂದ ಮುಂದಿನದನ್ನು ಅಂದಾಜಿಸುವ ಸಂಖ್ಯಾಶಾಸ್ತ್ರೀಯ ವಿಧಾನ) ಹೊಂದಿಸಿ, ಕೊನೆಯ ಒಂದು ವರ್ಷದ ದತ್ತಾಂಶವನ್ನು ಪರೀಕ್ಷೆಗೆಂದು ಬೇರೆಯಿಟ್ಟು, ಪ್ರತಿದಿನವೂ ಮರುದಿನದ ಬೆಲೆಯನ್ನು ಅಂದಾಜಿಸಿದ್ದೇನೆ. ನಕ್ಷೆಯಲ್ಲಿ ಅಂದಾಜಿನ ಗೆರೆ ನಿಜ ಬೆಲೆಯ ಗೆರೆಗೆ ಅಂಟಿಕೊಂಡೇ ಸಾಗುತ್ತದೆ. ಅಂದಾಜು ನಿಜಕ್ಕೆ ಎಷ್ಟು ಹೊಂದುತ್ತದೆ ಎಂಬುದರ ಅಳತೆಯಾದ ಆರ್-ಸ್ಕ್ವೇರ್ ಕೂಡ ಒಂದಕ್ಕೆ, ಅಂದರೆ ಪೂರ್ಣ ಹೊಂದಾಣಿಕೆಗೆ, ತೀರಾ ಹತ್ತಿರವಿದೆ. ಆದರೆ ಇದನ್ನೇ ನಂಬಿ ಕೊಂಡು ಮಾರಿದಂತೆ ಲೆಕ್ಕ ಹಾಕಿದರೆ ಲಾಭವಿಲ್ಲ. ಎಲ್‌ಎಸ್‌ಟಿಎಂ ಎಂಬ, ಹಿಂದಿನದನ್ನು ನೆನಪಿಟ್ಟು ಕಲಿಯುವ ನ್ಯೂರಲ್ ನೆಟ್‌ವರ್ಕ್ ಮಾದರಿಯನ್ನು ಬಳಸಿದರೆ ಫಲಿತಾಂಶ ಸುಧಾರಿಸೀತೇ?

ಉತ್ತರ 1

ನಕ್ಷೆಯನ್ನು ಹಿಗ್ಗಿಸಿ ನೋಡಿ. ಅಂದಾಜಿನ ಗೆರೆಯೆಂದರೆ ನಿಜ ಬೆಲೆಯ ಗೆರೆಯೇ ಒಂದು ದಿನ ಬಲಕ್ಕೆ ಸರಿದದ್ದು ಎಂಬುದು ಬಹುಶಃ ಕಾಣಿಸುತ್ತದೆ. ನಾಳಿನ ಬೆಲೆ ಇಂದಿನದೇ ಎಂದು ಹೇಳುವ, ಯಾವ ಗಣಿತವೂ ಬೇಡದ ಅಂದಾಜಿಗೂ ಹೆಚ್ಚುಕಡಿಮೆ ಅಷ್ಟೇ ಆರ್-ಸ್ಕ್ವೇರ್ ದೊರೆಯುತ್ತದೆ, ಏಕೆಂದರೆ ವರ್ಷವಿಡೀ ಬೆಲೆ ಏರಿಳಿಯುವ ಪ್ರಮಾಣದ ಮುಂದೆ ಒಂದು ದಿನದ ಬದಲಾವಣೆ ಅತ್ಯಲ್ಪ. ಅರಿಮಾ ತನ್ನೊಳಗೆ ದಿನದಿಂದ ದಿನಕ್ಕಿನ ವ್ಯತ್ಯಾಸಗಳನ್ನು ತೆಗೆದುಕೊಂಡರೂ ನೀವು ಅಳೆದದ್ದು ಬೆಲೆಯ ಮಟ್ಟವನ್ನು. ಲಾಗ್ ಪ್ರತಿಫಲಗಳನ್ನು (ಇಂದಿನ ಮತ್ತು ನಿನ್ನೆಯ ಬೆಲೆಗಳ ಲಾಗರಿದಮ್‌ಗಳ ವ್ಯತ್ಯಾಸ) ಅಂದಾಜಿಸಿ, ಆ ದೋಷವನ್ನು ಸರಳ ಅಂದಾಜಿನ ದೋಷದೊಡನೆ ಹೋಲಿಸಿ; ಎರಡು ಅಂದಾಜುಗಳ ದೋಷಗಳಲ್ಲಿನ ಅಂತರ ಕೇವಲ ಆಕಸ್ಮಿಕವೇ ಎಂದು ನೋಡುವ ಡೀಬೋಲ್ಡ್-ಮರಿಯಾನೊ ಪರೀಕ್ಷೆ ಇರುವುದೇ ಇದಕ್ಕೆ. ಎಲ್‌ಎಸ್‌ಟಿಎಂ ಕೂಡ ಮೊದಲು ಈ ಹೋಲಿಕೆಯಲ್ಲಿ ಗೆಲ್ಲಬೇಕು.

ಉತ್ತರ 2

ಮೇಲಿನ ಮಾತಿಗೆ ಒಂದು ಸೇರ್ಪಡೆ. ನಾಳೆ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಹಿಂದಿನ ಬೆಲೆಗಳು ಅಷ್ಟಾಗಿ ಹೇಳುವುದಿಲ್ಲ. ಎಷ್ಟು ಜೋರಾಗಿ ಅಲುಗಾಡೀತು ಎಂಬುದನ್ನು ಮಾತ್ರ ತಕ್ಕಮಟ್ಟಿಗೆ ಹೇಳುತ್ತವೆ, ಏಕೆಂದರೆ ದೊಡ್ಡ ಏರಿಳಿತಗಳು ಗುಂಪುಗುಂಪಾಗಿ ಬರುತ್ತವೆ. ರಾಬರ್ಟ್ ಎಂಗಲ್ 1982ರಲ್ಲಿ ಮಂಡಿಸಿದ ಆರ್ಚ್ ಹಾಗೂ ಟಿಮ್ ಬೊಲ್ಲರ್‌ಸ್ಲೆವ್ 1986ರಲ್ಲಿ ಅದನ್ನು ವಿಸ್ತರಿಸಿದ ಗಾರ್ಚ್ ಮಾದರಿಗಳು ಹಿಡಿಯುವುದು ಈ ಗುಣವನ್ನೇ. ಆದರೆ ದೋಷಗಳಿಗೆ ನಾರ್ಮಲ್ ವಿತರಣೆಯನ್ನು (ತೀರಾ ದೊಡ್ಡ ಬದಲಾವಣೆಗಳು ಅತಿ ವಿರಳವೆನ್ನುವ ಗಂಟೆಯಾಕಾರದ ವಿತರಣೆ) ಊಹಿಸಬೇಡಿ: 2020ರ ಮಾರ್ಚ್ 12ರಂದು ಬಿಟ್‌ಕಾಯಿನ್ ಒಂದೇ ದಿನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಸ್ಟೂಡೆಂಟ್-ಟಿ ವಿತರಣೆ ಇಂತಹ ದಿನಗಳಿಗೆ ಹೆಚ್ಚು ಜಾಗ ಬಿಡುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಗಣಿಗಾರರಿಗೆ (ಕಂಪ್ಯೂಟರ್ ಬಲದಿಂದ ಬಿಟ್‌ಕಾಯಿನ್ ವಹಿವಾಟುಗಳನ್ನು ದೃಢೀಕರಿಸುವವರಿಗೆ) ಸಿಗುವ ಪ್ರತಿಫಲ ಅರ್ಧಕ್ಕಿಳಿಯುವ ಹಾಲ್ವಿಂಗ್ ದಿನಾಂಕಗಳನ್ನು ಮಾದರಿಗೆ ಸೇರಿಸಿದರೆ ದಿಕ್ಕಿನ ಸುಳಿವು ಸಿಗಬಹುದೇ?

ಉತ್ತರ 1

2012, 2016, 2020, 2024: ಈವರೆಗೆ ನಡೆದದ್ದು ನಾಲ್ಕೇ ಹಾಲ್ವಿಂಗ್. ನಾಲ್ಕು ಘಟನೆಗಳಿಂದ ಸಂಖ್ಯಾಶಾಸ್ತ್ರೀಯ ನಿಯಮವೊಂದನ್ನು ಎತ್ತಿ ಹಿಡಿಯಲಾಗದು. ಅಲ್ಲದೆ ದಿನಾಂಕ ಎಲ್ಲರಿಗೂ ಸರಿಸುಮಾರಾಗಿ ಮೊದಲೇ ಗೊತ್ತಿರುವುದರಿಂದ ಬೆಲೆಯಲ್ಲಿ ಅದು ಆಗಲೇ ಸೇರಿಕೊಂಡಿರಬಹುದು. ಅದಕ್ಕಿಂತ, ದತ್ತಾಂಶದ ಅಂಕಿಗಳನ್ನು ಒಂದೇ ಅಳತೆಗೆ ತರುವಾಗ (ಸ್ಕೇಲಿಂಗ್) ಪರೀಕ್ಷಾ ಅವಧಿಯ ಸರಾಸರಿಯೂ ಒಳನುಸುಳುತ್ತಿದೆಯೇ ಎಂದು ಪರಿಶೀಲಿಸಿ, ಲಾಭದ ಲೆಕ್ಕದಲ್ಲಿ ಪ್ರತಿ ವಹಿವಾಟಿನ ಶುಲ್ಕವನ್ನೂ ಕಳೆಯಿರಿ.