ರೋಮ್‌ನ ಮಕ್ಕಳು ಯಾವ ಆಟ ಆಡುತ್ತಿದ್ದರು?

ಕಾಫಿಹೂವು, ಸೋಮವಾರಪೇಟೆ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲೇ ಹತ್ತಿರದ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವಾರ ರೋಮ್ ಪಾಠ ಇತ್ತು. ಜೋರು ಮಳೆ, ಹೆಂಚಿನ ಸದ್ದಿಗೆ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಸೀಸರ್, ಆಗಸ್ಟಸ್ ಎಲ್ಲ ಮುಗಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ಅಲ್ಲಿ ಮಕ್ಕಳೇ ಇರಲಿಲ್ವಾ?" ಅಂತ ಕೇಳಿದಳು.

ಅವಳ ಅಮ್ಮ ಎಸ್ಟೇಟ್ ಕೆಲಸಕ್ಕೆ ಹೋಗುತ್ತಾರೆ. ಲೈನ್ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುವುದು ಇವಳೇ. ಸುಮ್ನೆ ಏನೋ ಒಂದು ಹೇಳಿ ಕೂರಿಸಲು ನನಗೆ ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಹಳೇಮೇಷ್ಟ್ರು, ವಿರಾಜಪೇಟೆ:

ಒಳ್ಳೆ ಪ್ರಶ್ನೆ ಕೇಳಿದ್ದಾಳಮ್ಮ ಆ ಮಗು. ರಿಟೈರ್ ಆದ ಮೇಲೆ ನಾನು ಜಾಸ್ತಿ ಓದಿದ್ದು ಇದನ್ನೇ.

ಮೊದಲು ಆಟ ಆಡಿಸಿ, ಆಮೇಲೆ ಪಾಠ. ರೋಮ್‌ನ ಮಕ್ಕಳಿಗೆ ಅಕ್ರೋಟು ಅಂದರೆ ನಮ್ಮ ಗೋಲಿ ಇದ್ದ ಹಾಗೆ. ಕೆಳಗೆ ಮೂರು, ಮೇಲೆ ಒಂದು ಇಟ್ಟು ಗೋಪುರ ಮಾಡುತ್ತಿದ್ದರು. ದೂರದಿಂದ ಇನ್ನೊಂದು ಎಸೆದು ಬೀಳಿಸಬೇಕು. "ಅಕ್ರೋಟು ಬಿಟ್ಟ" ಅಂದರೆ ಹುಡುಗಾಟ ಮುಗಿಯಿತು ಅಂತ ಅರ್ಥ. ನಿಮ್ಮಲ್ಲಿ ಗೋಟಡಿಕೆ ಸಿಗುತ್ತಲ್ವಾ, ಅದೇ ಸಾಕು.

ಇನ್ನೊಂದು ಮೂಳೆ ಆಟ. ಕುರಿಯ ಹಿಂಗಾಲಿನ ಕೀಲಿನಲ್ಲಿ ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ಮೂಳೆ ಇರುತ್ತದೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಎಸೆದರೆ ನಾಲ್ಕು ಮಗ್ಗುಲಲ್ಲಿ ಯಾವುದಾದರೂ ಒಂದು ಮೇಲೆ ಬರುತ್ತದೆ. ಲೆಕ್ಕ 1, 3, 4, 6. ಎರಡು, ಐದು ಇಲ್ಲ. ನಾಲ್ಕು ಮೂಳೆ ಒಟ್ಟಿಗೆ ಎಸೆದು ನಾಲ್ಕೂ ಬೇರೆ ಬೇರೆ ಬಿದ್ದರೆ ಅದು 'ವೀನಸ್', ಎಲ್ಲಕ್ಕಿಂತ ಒಳ್ಳೆಯದು. ನಾಲ್ಕರಲ್ಲೂ 1 ಬಿದ್ದರೆ 'ನಾಯಿ', ಎಲ್ಲಕ್ಕಿಂತ ಕೆಟ್ಟದ್ದು. ಮಟನ್ ಅಂಗಡಿಯಲ್ಲಿ ಕೇಳಿ, ಕೊಡುತ್ತಾರೆ. ಒಂದು ಕುರಿಗೆ ಎರಡೇ, ನೆನಪಿರಲಿ.

ಗೊಂಬೆಗಳೂ ಇದ್ದವು. 1889ರಲ್ಲಿ ರೋಮ್‌ನಲ್ಲಿ ಒಂದು ಹುಡುಗಿಯ ಸಮಾಧಿ ತೆರೆದಾಗ ದಂತದ ಗೊಂಬೆ ಸಿಕ್ಕಿತು. ಭುಜ, ಮೊಣಕೈ, ಮೊಣಕಾಲು ಎಲ್ಲ ಮಡಚುತ್ತವೆ. ಆ ಹುಡುಗಿಯ ಹೆಸರು ಕ್ರೆಪೆರೆಯಾ ಟ್ರಿಫೇನಾ.

ಆದರೆ ಮೇಡಂ, ಇಷ್ಟಕ್ಕೇ ನಿಲ್ಲಿಸಬೇಡಿ. ದಾಸರಲ್ಲದ ಮನೆಯ ಹುಡುಗರ ಕೊರಳಲ್ಲಿ 'ಬುಲ್ಲಾ' ಅನ್ನುವ ತಾಯತ ಇರುತ್ತಿತ್ತು. ದಾಸರ ಮಕ್ಕಳಿಗೆ ಅದಿಲ್ಲ. ಅವರನ್ನು ತಾಯಿಯಿಂದ ಬೇರೆ ಮಾಡಿ ಮಾರಬಹುದಿತ್ತು. ವಿಕ್ಕೆಂಟಿಯಾ ಅನ್ನುವ ಹುಡುಗಿಯ ಸಮಾಧಿ ಕಲ್ಲು ರೋಮ್‌ನಲ್ಲಿ ಸಿಕ್ಕಿದೆ. ಚಿನ್ನದ ಎಳೆ ನೂಲುವುದು ಅವಳ ಕೆಲಸ. ತೀರಿಕೊಂಡಾಗ ಒಂಬತ್ತು ವರ್ಷ. ಅವಳ ಹೆಸರನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ.

ಮತ್ತೆ ಕ್ವಿಂಟಿಲಿಯನ್ ಅಂತ ಒಬ್ಬರು ಮೇಷ್ಟ್ರು, 1ನೇ ಶತಮಾನದವರು. ಮಕ್ಕಳನ್ನು ಹೊಡೆಯಬೇಡಿ, ದಂತದ ಅಕ್ಷರ ಕೊಟ್ಟು ಆಡಿಸುತ್ತಾ ಕಲಿಸಿ ಅಂದವರು. ಆಗಿನ ಶಾಲೆಗಳಲ್ಲಿ ಬೆತ್ತ ಮಾಮೂಲು. ಅಂಥ ಕಡೆ ಹಾಗೆ ಹೇಳಲು ಎಷ್ಟು ಧೈರ್ಯ ಬೇಕು!

ಜೇನುಗೂಡು, ಭಾಗಮಂಡಲ:

ಮೇಷ್ಟ್ರೇ, ಮೇಣದ ಹಲಗೆ ಬಿಟ್ಟುಬಿಟ್ಟಿರಲ್ಲ! ಮರದ ಹಲಗೆಯ ನಡುವೆ ತಗ್ಗು ಕೊರೆದು ಜೇನುಮೇಣ ತುಂಬುತ್ತಿದ್ದರು. ಕಡ್ಡಿಯ ಚೂಪು ತುದಿಯಲ್ಲಿ ಬರೆಯುವುದು, ಚಪ್ಪಟೆ ತುದಿಯಲ್ಲಿ ಸವರಿ ಅಳಿಸುವುದು. ನಾವು ಗೋಡೆ ಮೇಲಿನ ನೀರುಕಡ್ಡಿ ಕಿತ್ತು ಸ್ಲೇಟು ಒರೆಸುತ್ತಿದ್ದೆವಲ್ಲ, ಹಾಗೆ. ಮೇಡಂ, ನಮ್ಮ ಮನೆಯಲ್ಲಿ ಮೇಣ ಇದೆ. ಬಸ್ಸಿನಲ್ಲಿ ಕಳಿಸುತ್ತೇನೆ, ದುಡ್ಡು ಬೇಡ.

ಇಂಗ್ಲೆಂಡಿನ ಉತ್ತರದಲ್ಲಿ ವಿಂಡೋಲಾಂಡ ಅಂತ ರೋಮನ್ ಕೋಟೆ ಇದೆ. ನಮ್ಮ ಹಾಗೇ ಮಳೆ, ಚಳಿ. ಅಲ್ಲಿನ ಒದ್ದೆ ಮಣ್ಣಿಗೆ ಗಾಳಿ ತಾಗದೆ ಮಕ್ಕಳ ಚರ್ಮದ ಚಪ್ಪಲಿಗಳು ಸುಮಾರು 1,900 ವರ್ಷ ಕೆಡದೆ ಉಳಿದಿವೆ.

ಕಾಫಿಹೂವು, ಸೋಮವಾರಪೇಟೆ:

ಶನಿವಾರ ಅಡಿಕೆ ಗೋಪುರ ಆಡಿಸಿದೆ. ಆ ಹುಡುಗಿ ಮೂರು ಸಲ ಎಸೆದಳು, ಮೂರು ಸಲವೂ ಬಿತ್ತು. ವಿಕ್ಕೆಂಟಿಯಾ ವಿಷಯ ಹೇಳಿದಾಗ ಮಾತ್ರ ಕ್ಲಾಸಿಗೆ ಕ್ಲಾಸೇ ಸುಮ್ಮನಾಯಿತು. ನನಗೂ ಮುಂದೆ ಮಾತು ಬರಲಿಲ್ಲ.

ಜೇನುಗೂಡಣ್ಣ, ಮೇಣ ಕಳಿಸಿ, ಹಲಗೆ ಇಲ್ಲೇ ಬಡಗಿ ಹತ್ತಿರ ಮಾಡಿಸುತ್ತೇನೆ. ಮೇಷ್ಟ್ರೇ, ಮೂಳೆ ನಾಲ್ಕು ಸಿಕ್ಕಿವೆ. ಚೆನ್ನಾಗಿ ಬೇಯಿಸಿ ಒಣಗಿಸಿದರೆ ಸಾಕಾ? ಈ ಮಳೆಯಲ್ಲಿ ಒಲೆ ಮೇಲಿನ ಅಟ್ಟದಲ್ಲೇ ಇಡಬೇಕು.