ಪ್ರೋಟಾನ್ ಟನಲಿಂಗ್ ಲೆಕ್ಕ ಬರೇ 0.0 ತೋರಸಾಕತ್ತದ, ತಪ್ಪು ಎಲ್ಲಿ?

ಸಪ್ತಾಪುರ_ಹುಡುಗ (ಧಾರವಾಡ):
ನಮಸ್ಕಾರ್ರಿ. ಎಮ್ಮೆಸ್ಸಿ ಸೆಮಿನಾರಿಗೆ ಪೈಥಾನ್‌ದಾಗ ಕ್ವಾಂಟಮ್ ಟನಲಿಂಗ್ (ಶಕ್ತಿ ಸಾಲದಿದ್ರೂ ಕಣ ಶಕ್ತಿಯ ಗ್ವಾಡಿ ತೂರಿ ಆಚೆ ಹೋಗೂದು) ಲೆಕ್ಕ ಬರದೀನಿ. ಗ್ವಾಡಿ ಎತ್ತರ 5 ಎಲೆಕ್ಟ್ರಾನ್ ವೋಲ್ಟ್, ಕಣದ ಶಕ್ತಿ 1, ದಪ್ಪ 1 ನ್ಯಾನೋಮೀಟರ್. ಎಲೆಕ್ಟ್ರಾನ್ ದಾಟೂ ಸಂಭವನೀಯತೆ 3.2×10⁻⁹ ಬಂತು, ಕೈಲೆ ಮಾಡಿದ ಲೆಕ್ಕಕ್ಕೂ ಹೊಂದ್ತು. ದ್ರವ್ಯರಾಶಿ ಅಷ್ಟೇ ಬದಲಿ ಮಾಡಿ ಪ್ರೋಟಾನ್ ಹಾಕಿದ್ರ ಸೀದಾ 0.0. ಯೂನಿಟ್ ಮೂರು ಸಲ ನೋಡೀನಿ. ಸೋಮವಾರ ಸೆಮಿನಾರ್ ಅದ, ಯಾರಾದ್ರೂ ಹೇಳ್ರಿ.

ಗದಗ_ಮಾಸ್ತರ:
ಯೂನಿಟ್ ಸರಿ ಅದಾವು ತಮ್ಮಾ. ಸೂತ್ರದಾಗ e ಮ್ಯಾಲಿನ ಘಾತ ಅಷ್ಟೇ ಪ್ರಿಂಟ್ ಮಾಡಿ ನೋಡು. ಎಲೆಕ್ಟ್ರಾನಿಗೆ −20.5 ಇರ್ತೈತಿ. ಪ್ರೋಟಾನ್ 1836 ಪಟ್ಟು ಭಾರ. ಆ ಭಾರ ವರ್ಗಮೂಲದಾಗ ಕುಂತೈತಿ, ಹಂಗಾಗಿ ಘಾತ 43 ಪಟ್ಟು ಬೆಳದು −878 ಆಗ್ತೈತಿ. ಪೈಥಾನ್ ಫ್ಲೋಟ್ (ದಶಮಾಂಶ ಸಂಖ್ಯೆ) ಸುಮಾರು 10⁻³²⁴ಕ್ಕಿಂತ ಸಣ್ಣದು ಹಿಡಿಯಾಂಗಿಲ್ಲ, ಸೊನ್ನಿ ಅಂತ ಬರಕೊಂಡು ಬಿಡ್ತೈತಿ. ಉತ್ತರ ಲಾಗ್‌ನಾಗೇ ಇಡು. ನನ್ನ ಡಿಗ್ರಿ ಹುಡುಗರೂ ವರ್ಷಾ ಇಲ್ಲೇ ಎಡವತಾರ.

ಸಪ್ತಾಪುರ_ಹುಡುಗ:
ಲಾಗ್ ಹತ್ತರಾಗ −380.95 ಬಂತ್ರಿ ಸರ! ಹಂಗಾದ್ರ ಪ್ರೋಟಾನ್ ಟನಲ್ ಆಗೂದೇ ಇಲ್ಲಂತ ಸ್ಲೈಡಿನ್ಯಾಗ ಬರೀಲೇನ್ರಿ?

ಗದಗ_ಮಾಸ್ತರ:
ಬ್ಯಾಡ, ಬ್ಯಾಡ. ಒಂದು ನ್ಯಾನೋಮೀಟರ್ ಅನ್ನೂದು ಎಲೆಕ್ಟ್ರಾನಿನ ಅಳತಿ. ಹೈಡ್ರೋಜನ್ ಬಂಧದಾಗ ಪ್ರೋಟಾನ್ ದಾಟೂ ದೂರ ಅದರ ಇಪ್ಪತ್ತನೇ ಪಾಲಿನ ಮಟ್ಟದ್ದು. ದಪ್ಪ 0.05 ಇಟ್ಟು, ಗ್ವಾಡಿ ಎತ್ತರಕ್ಕೂ ಕಣದ ಶಕ್ತಿಗೂ ಅಂತರ 0.25 ಮಾಡು: ಘಾತ ಬರೇ −11.

ಅಮೋನಿಯಾ ಸ್ಲೈಡ್ ಒಂದು ಹಾಕು, ನನಗ ಭಾಳ ಇಷ್ಟದ್ದದು. ನೈಟ್ರೋಜನ್ ಪರಮಾಣು ಮೂರು ಹೈಡ್ರೋಜನ್‌ಗಳ ಸಮತಲ ತೂರಿ ಆಚೀಚೆ ಆಗೂ ಆವೃತ್ತಿ ಸುಮಾರು 24 ಗಿಗಾಹರ್ಟ್ಸ್. ಹೈಡ್ರೋಜನ್ ತಗದು ಡ್ಯುಟೀರಿಯಂ (ಎರಡು ಪಟ್ಟು ಭಾರದ ಹೈಡ್ರೋಜನ್) ಕೂಡ್ಸಿದ್ರ 1.6ಕ್ಕ ಇಳೀತೈತಿ. ಗ್ವಾಡಿ ಅದೇ, ಭಾರ ಅಷ್ಟೇ ಬ್ಯಾರೆ.

ವಿದ್ಯಾನಗರ_ಹುಬ್ಬಳ್ಳಿ:
ಒಂದು ಮಾತು. ಇದೇ ಕೋಡಿಗೆ ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್) ಹಾಕಬ್ಯಾಡ್ರಿ, ನಾ ಹಾಕಿ ಎರಡು ದಿನ ಕಳಕೊಂಡೀನಿ. 1928ರಾಗ ಭೌತವಿಜ್ಞಾನಿ ಗ್ಯಾಮೊವ್ ಲೆಕ್ಕ ಮಾಡಿದ್ದು ಕೂಲಂಬ್ (ವಿದ್ಯುತ್ ವಿಕರ್ಷಣೆಯ) ಗ್ವಾಡಿಗೆ. ಅದು ಹೊರಗ ಹೋದಂಗ ಇಳಿಜಾರು, ಶಕ್ತಿ ಹೆಚ್ಚಾದ್ರ ದಾಟೂ ದಪ್ಪಾನೂ ಕಡಿಮಿ ಆಗ್ತದ. ಥೋರಿಯಂ-232ರ ಆಲ್ಫಾ ಶಕ್ತಿ 4 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅರ್ಧಾಯುಷ್ಯ 1,400 ಕೋಟಿ ವರ್ಷ. ಪೊಲೋನಿಯಂ-212ರದು 8.8, ಅರ್ಧಾಯುಷ್ಯ 0.3 ಮೈಕ್ರೋಸೆಕೆಂಡ್!

ಸಪ್ತಾಪುರ_ಹುಡುಗ:
0.05 ಇಟ್ಟೆ, 10⁻⁵ರ ಆಸುಪಾಸು ಬಂತು. ನಿಂತ ಅಕ್ಷ ಲಾಗ್ ಮಾಡಿ ಎರಡೂ ಗೆರಿ ಒಂದೇ ಗ್ರಾಫಿನ್ಯಾಗ ಹಾಕೀನಿ. ಪ್ರೋಟಾನಿಂದು ಕಡಿದಾದ ಕಣಿವಿಗೆ ಬಿದ್ದಂಗ ಇಳದದ. ಆಲ್ಫಾ ತಗದಬಿಟ್ಟೆ, ಅಮೋನಿಯಾ ಸೇರ್ಸೀನಿ. ಭಾಳ ಉಪಕಾರ ಆತ್ರಿ ಸರ.